ಸೆಲೆಸ್ಟ್ ಆಟದಲ್ಲಿ ವೇವ್‌ಡ್ಯಾಶ್, ಹೈಪರ್, ವಾಲ್‌ಬೌನ್ಸ್: ಬೆರಳಿಗೆ ಕೂರಿಸಿಕೊಳ್ಳೋದು ಹೇಗೆ?

ವಾರಕ್ಕೆ ಮೂರು ಸಲವಾದರೂ ಇದೇ ಪ್ರಶ್ನೆ ಬರುತ್ತದೆ. "ಅಣ್ಣ, ಸೆಲೆಸ್ಟ್‌ನ್ಯಾಗ ವೇವ್‌ಡ್ಯಾಶ್ ಆಗವಲ್ದು, ಏನ್ ಮಾಡ್ಲಿ?" ಕೊಪ್ಪಳದಿಂದ ಒಬ್ಬರು, ಸಿಂಧನೂರಿಂದ ಒಬ್ಬರು, ನಮ್ಮ ಬಳ್ಳಾರಿ ಕೌಲ್‌ಬಜಾರಿಂದಲೇ ಇಬ್ಬರು. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಮಾಡಿ, ಆಟ ಆಡಿ ಬರದ ಬೆರಳು ನೋವು ನನಗೆ ಉತ್ತರ ಬರೆದು ಬಂತು. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದು ಆಟ ಈಗಷ್ಟೇ ಶುರು ಮಾಡಿದವರಿಗೆ ಅಲ್ಲ. ಕನಿಷ್ಠ ಮೂರನೇ ಅಧ್ಯಾಯ ಮುಗಿಸಿರಿ, ಎಂಟು ದಿಕ್ಕಿಗೂ ಡ್ಯಾಶ್ ಮಾಡೋದು ಕೈಗೆ ಬಂದಿರಲಿ. ಅಷ್ಟಾಗದೆ ಇಲ್ಲಿ ಬಂದರೆ ಸುಮ್ನೆ ತಲೆನೋವು.

ಗೊತ್ತಿಲ್ಲದವರಿಗೆ ಎರಡೇ ಮಾತು. ಸೆಲೆಸ್ಟ್ 2018ರ ಜನವರಿಯಲ್ಲಿ ಬಂದ ಪ್ಲಾಟ್‌ಫಾರ್ಮರ್, ಅಂದರೆ ಹಾರುತ್ತಾ ಹತ್ತುತ್ತಾ ಮುಳ್ಳು ತಪ್ಪಿಸಿಕೊಂಡು ಮುಂದೆ ಹೋಗುವ ಆಟ. ಮ್ಯಾಡಿ ಥಾರ್ಸನ್, ನೋಯಲ್ ಬೆರಿ ಮತ್ತು ಅವರ ಸಣ್ಣ ತಂಡ ಮಾಡಿದ್ದು. ಮ್ಯಾಡೆಲಿನ್ ಅನ್ನೋ ಹುಡುಗಿ ಬೆಟ್ಟ ಹತ್ತುತ್ತಾಳೆ. ಅವಳಿಗೆ ಬರೋದು ಮೂರೇ ಕೆಲಸ: ಜಂಪ್, ಡ್ಯಾಶ್ ಅಂದರೆ ಗಾಳಿಯಲ್ಲಿ ಒಂದು ಕಡೆಗೆ ರಪ್ ಅಂತ ನುಗ್ಗೋದು, ಮತ್ತು ಗೋಡೆ ಹಿಡಿಯೋದು. ಈ ಮೂರರಲ್ಲೇ ಆಟದವರು ಒಂದು ಲೋಕ ಬಚ್ಚಿಟ್ಟಿದ್ದಾರೆ. ಕೆಲವನ್ನು ಹೇಳಿಕೊಡುತ್ತಾರೆ, ಅದೂ ತೀರಾ ತಡವಾಗಿ. ವೇವ್‌ಡ್ಯಾಶ್ ಹೇಳಿಕೊಡೋದು 2019ರ ಸೆಪ್ಟೆಂಬರಿನಲ್ಲಿ ಉಚಿತವಾಗಿ ಬಂದ ಕೊನೆಯ ಅಧ್ಯಾಯ 'ಫೇರ್‌ವೆಲ್'ನಲ್ಲಿ. ಅಷ್ಟರಲ್ಲಿ ನೀವು ಸಾವಿರ ಸಲ ಸತ್ತಿರುತ್ತೀರಿ.

ಮೊದಲು ಒಂದು ಮಾತು ತಲೆಗೆ ಹೋಗಲಿ

ಸೂಪರ್, ಹೈಪರ್, ವೇವ್‌ಡ್ಯಾಶ್, ವಾಲ್‌ಬೌನ್ಸ್ ಅಂತ ನಾಲ್ಕು ಹೆಸರು ಕೇಳಿ ನಾಲ್ಕು ಬೇರೆ ವಿದ್ಯೆ ಅಂದುಕೊಳ್ಳುತ್ತಾರೆ. ಅಲ್ಲ. ಎಲ್ಲ ಒಂದೇ. ಡ್ಯಾಶ್ ನಡೀತಾ ಇರುವಾಗಲೇ, ನೆಲಕ್ಕೋ ಗೋಡೆಗೋ ತಾಗಿಕೊಂಡು ಜಂಪ್ ಒತ್ತಿದರೆ ಡ್ಯಾಶಿನ ಜೋರೆಲ್ಲ ಜಂಪಿಗೆ ಬರುತ್ತದೆ. ಇಷ್ಟೇ. ನೆಲದ ಮೇಲೆ ಅಡ್ಡ ಡ್ಯಾಶ್ ಮಾಡಿ ಜಂಪ್ ಒತ್ತಿದರೆ ಸೂಪರ್. ನೆಲದ ಮೇಲೆ ಓರೆಯಾಗಿ ಕೆಳಕ್ಕೆ ಡ್ಯಾಶ್ ಮಾಡಿ ಒತ್ತಿದರೆ ಹೈಪರ್. ಅದೇ ಓರೆ ಡ್ಯಾಶನ್ನು ಗಾಳಿಯಿಂದ ನೆಲಕ್ಕೆ ಮಾಡಿದರೆ ವೇವ್‌ಡ್ಯಾಶ್. ಗೋಡೆ ಪಕ್ಕ ನೇರ ಮೇಲಕ್ಕೆ ಮಾಡಿದರೆ ವಾಲ್‌ಬೌನ್ಸ್.

ಹಾಗಾದರೆ ಕಷ್ಟ ಎಲ್ಲಿದೆ? ಡ್ಯಾಶ್ ಇರೋದೇ 0.15 ಸೆಕೆಂಡು. ಆಟ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ಒಂದೊಂದು ಚಿತ್ರಕ್ಕೂ ಫ್ರೇಮ್ ಅಂತ ಹೆಸರು. ಅಂದರೆ ಡ್ಯಾಶ್ ಒಂಬತ್ತು ಫ್ರೇಮ್ ಅಷ್ಟೇ. ಇದನ್ನು ಕೇಳಿದ ತಕ್ಷಣ ಎಲ್ಲರೂ ಬೆರಳು ಬೇಗ ಓಡಿಸೋಕೆ ನೋಡುತ್ತಾರೆ, ಎರಡೂ ಬಟನ್ ಒಟ್ಟಿಗೆ ಜಜ್ಜುತ್ತಾರೆ. ತಪ್ಪಾಗೋದು ಅಲ್ಲೇ. ನನಗೆ ವಿಡಿಯೋ ಕಳಿಸಿದವರಲ್ಲಿ ತಡವಾಗಿ ಒತ್ತಿದವರು ಕಡಿಮೆ, ಅವಸರ ಮಾಡಿದವರೇ ಜಾಸ್ತಿ. ಇಲ್ಲಿ ಬೇಕಾಗಿರೋದು ವೇಗ ಅಲ್ಲ, ಲಯ. ಡೊಳ್ಳು ಬಾರಿಸುವವರ ಎರಡು ಏಟಿನ ನಡುವೆ ಒಂದು ತೆರಪು ಇರುತ್ತದಲ್ಲ, ಹಾಗೆ. ಡ್ಯಾಶ್, ಒಂಚೂರು ತೆರಪು, ಜಂಪ್.

ಕೆಳಗೆ ಬರೋ ಅಂಕಿಗಳು ನನ್ನ ಊಹೆ ಅಲ್ಲ. ಆಟ ಮಾಡಿದವರೇ ಮ್ಯಾಡೆಲಿನ್‌ಳ ಓಡಾಟದ ಕೋಡನ್ನು ಎಲ್ಲರೂ ಓದಲಿ ಅಂತ ಹೊರಗೆ ಬಿಟ್ಟಿದ್ದಾರೆ, ಅದರಲ್ಲಿರೋ ಲೆಕ್ಕ. ವೇಗವನ್ನು ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಅಂತ ಹೇಳುತ್ತೇನೆ. ಪರದೆಯ ಅಗಲ 320 ಪಿಕ್ಸೆಲ್ ಅಂತ ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ.

ಏನೇನು ಬೇಕು

ದೊಡ್ಡ ಕಂಪ್ಯೂಟರ್ ಬೇಕಿಲ್ಲ. 2 ಜಿಬಿ ರ್‍ಯಾಮ್, ಇಂಟೆಲ್ ಎಚ್‌ಡಿ 4000 ಇರುವ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದರೆ ಚಾರ್ಜರ್ ಹಾಕಿ ಆಡಿ. ಕರೆಂಟ್ ಹೋಗಿ ಬ್ಯಾಟರಿ ಮೇಲೆ ಬಂದ ಕೂಡಲೇ ಕೆಲವು ಲ್ಯಾಪ್‌ಟಾಪ್‌ಗಳು ಬ್ಯಾಟರಿ ಉಳಿಸೋಕೆ ಅಂತ ನಿಧಾನ ಆಗುತ್ತವೆ, ಫ್ರೇಮ್ ತಪ್ಪುತ್ತವೆ, ಕಲಿತ ಲಯ ಹಾಳಾಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಇದು ದಿನಾ ಆಗೋದೇ. ಆಗ ಅಭ್ಯಾಸ ಬಿಟ್ಟು ಎದ್ದು ಹೋಗಿ, ಹಟಕ್ಕೆ ಬಿದ್ದು ತಪ್ಪು ಲಯ ಕಲಿಯಬೇಡಿ.

ಕೀಬೋರ್ಡಿನಲ್ಲಿ ಮೊದಲಿಂದ ಇರೋ ಜೋಡಣೆ ಹೀಗಿದೆ: ಸಿ ಒತ್ತಿದರೆ ಜಂಪ್, ಎಕ್ಸ್ ಡ್ಯಾಶ್, ಝೆಡ್ ಹಿಡಿತ, ದಿಕ್ಕಿಗೆ ಬಾಣದ ಕೀಗಳು. ಇದನ್ನು ಬದಲಾಯಿಸಬಹುದು. ಒಂದೇ ಒಂದು ನಿಯಮ: ಡ್ಯಾಶಿಗೂ ಜಂಪಿಗೂ ಬೇರೆ ಬೇರೆ ಬೆರಳು ಇರಬೇಕು. ಒಂದೇ ಹೆಬ್ಬೆರಳಲ್ಲಿ ಎರಡನ್ನೂ ಒತ್ತುತ್ತೇನೆ ಅಂದರೆ ಗೇಮ್‌ಪ್ಯಾಡಿನಲ್ಲಿ ಹೆಬ್ಬೆರಳನ್ನು ಒಂದು ಬಟನ್ನಿಂದ ಇನ್ನೊಂದಕ್ಕೆ ಉರುಳಿಸೋದು ಕಲಿಯಬೇಕು, ಇಲ್ಲಾಂದರೆ ಡ್ಯಾಶನ್ನು ಭುಜದ ಬಟನ್ನಿಗೆ ಹಾಕಿಕೊಳ್ಳಿ. ಗೇಮ್‌ಪ್ಯಾಡ್ ಇದ್ದವರು ದಿಕ್ಕಿಗೆ ಕೋಲು, ಅಂದರೆ ಸ್ಟಿಕ್, ಬಿಟ್ಟು ಪ್ಲಸ್ ಆಕಾರದ ಬಟನ್ ಬಳಸಿ. ಕೋಲಿನಲ್ಲಿ ಓರೆ ದಿಕ್ಕು ಹತ್ತಕ್ಕೆ ಮೂರು ಸಲ ತಪ್ಪುತ್ತದೆ, ಕನಿಷ್ಠ ನನ್ನ ಕೈಯಲ್ಲಿ.

ಅಗ್ಗದ ಕೀಬೋರ್ಡುಗಳಲ್ಲಿ ಇನ್ನೊಂದು ರೋಗ ಇದೆ. ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಒಂದು ಕೀಯನ್ನು ನುಂಗಿಬಿಡುತ್ತವೆ. ಪರೀಕ್ಷೆ ಸುಲಭ. ನೋಟ್‌ಪ್ಯಾಡ್ ತೆರೆಯಿರಿ, ಎಡ ಮತ್ತು ಕೆಳ ಬಾಣ ಹಿಡಿದುಕೊಂಡೇ ಎಕ್ಸ್ ಒತ್ತಿ, ಆಮೇಲೆ ಸಿ ಒತ್ತಿ. ಎರಡೂ ಅಕ್ಷರ ಬಂದರೆ ಸರಿ. ಬಲ ಬಾಣದ ಜೊತೆಗೂ ನೋಡಿ. ಒಂದು ಕಡೆ ಬಂದು ಇನ್ನೊಂದು ಕಡೆ ಬರದಿದ್ದರೆ ಜಂಪನ್ನೋ ಡ್ಯಾಶನ್ನೋ ಬೇರೆ ಕೀಗೆ ಹಾಕಿ ಮತ್ತೆ ನೋಡಿ.

ಧೂಳಿನ ಬಗ್ಗೆ ನಗಬೇಡಿ. ನಾನು ಒಂದು ತಿಂಗಳು ನನ್ನ ಬೆರಳನ್ನೇ ಬೈದುಕೊಂಡೆ. ಕೊನೆಗೆ ಎಕ್ಸ್ ಕೀಯ ಮುಚ್ಚಳ ಕಿತ್ತು ನೋಡಿದರೆ ಕೆಳಗೆ ಒಂದು ಚಿಟಿಕೆ ಕೆಂಪು ಧೂಳು, ಅದಕ್ಕೆ ಅಂಟಿಕೊಂಡು ಒಂದು ಮಂಡಾಳಿನ ಚೂರು. ಒಗ್ಗರಣೆ ತಿನ್ನುತ್ತಾ ಆಡಿದ ಫಲ. ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಒರೆಸಿದೆ, ಆ ದಿನವೇ ಹೈಪರ್ ಬಂತು.

ಟಿವಿಗೆ ಹಾಕಿ ಆಡುವವರು ಟಿವಿಯ ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ನೀವು ಒತ್ತೋದಕ್ಕೂ ಕಾಣೋದಕ್ಕೂ ಅಂತರ ಬೀಳುತ್ತದೆ.

ಹಂತ 1: ಅಭ್ಯಾಸಕ್ಕೆ ಬೇರೆ ಸೇವ್ ಮಾಡಿಕೊಳ್ಳಿ

ಆಟದಲ್ಲಿ ಅಸಿಸ್ಟ್ ಮೋಡ್ ಅಂತ ಒಂದಿದೆ. ಅದರಲ್ಲಿ ಆಟದ ವೇಗವನ್ನು ಹತ್ತು ಹತ್ತರಂತೆ ಇಳಿಸುತ್ತಾ 50 ಪ್ರತಿಶತದವರೆಗೂ ತರಬಹುದು. ಕಲಿಯೋಕೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. ಆದರೆ ಅದನ್ನು ಆನ್ ಮಾಡಿದ ಸೇವ್ ಮೇಲೆ ಅಸಿಸ್ಟ್ ಅಂತ ಗುರುತು ಬೀಳುತ್ತದೆ. ಅದು ನಾಚಿಕೆಯ ವಿಷಯ ಏನಲ್ಲ, ಆದರೂ ಕೆಲವರಿಗೆ ಬೇಜಾರು. ಅದಕ್ಕೆ ಖಾಲಿ ಇರೋ ಇನ್ನೊಂದು ಸೇವ್‌ನಲ್ಲಿ ಮಾಡಿ.

70ರಿಂದ ಶುರು ಮಾಡಿ. ಹತ್ತಕ್ಕೆ ಎಂಟು ಸಲ ಬಂದ ಮೇಲೆ 80, ಆಮೇಲೆ 90, ಆಮೇಲೆ ಪೂರ್ತಿ. 70ರಲ್ಲೇ ವಾರಗಟ್ಟಲೆ ಕೂತರೆ ಆ ನಿಧಾನದ ಲಯವೇ ಕೈಗೆ ಅಂಟಿಕೊಂಡು ಆಮೇಲೆ ಬಿಡಿಸೋದು ಕಷ್ಟ. ಜಾಗ ಯಾವುದು ಅಂದರೆ ಮೊದಲ ಅಧ್ಯಾಯ. ಅದಕ್ಕೂ ಮುಂಚಿನ ಪೀಠಿಕೆಯಲ್ಲಿ ಡ್ಯಾಶ್ ಕೊನೆಯಲ್ಲಷ್ಟೇ ಸಿಗುತ್ತದೆ, ಅಲ್ಲಿ ಹೋಗಿ "ಡ್ಯಾಶೇ ಇಲ್ಲ" ಅಂತ ನನಗೆ ಮೆಸೇಜ್ ಮಾಡಬೇಡಿ. ಪರದೆ ಅಲುಗಾಡೋದನ್ನು ಆಯ್ಕೆಗಳಲ್ಲಿ ನಿಲ್ಲಿಸಿಬಿಡಿ, ಕಣ್ಣಿಗೆ ಆರಾಮ.

ಹಂತ 2: ಕೂದಲು ನೋಡೋದು ಕಲಿಯಿರಿ

ಇದನ್ನು ಯಾರೂ ಹೇಳೋದಿಲ್ಲ, ನನ್ನ ಪ್ರಕಾರ ಇದೇ ಮುಖ್ಯ. ಮ್ಯಾಡೆಲಿನ್‌ಳ ಕೂದಲು ಕೆಂಪಗಿದ್ದರೆ ಡ್ಯಾಶ್ ಕೈಯಲ್ಲಿದೆ. ನೀಲಿ ಆದರೆ ಖರ್ಚಾಗಿದೆ. ನೆಲ ಮುಟ್ಟಿದಾಗ ಮತ್ತೆ ಕೆಂಪಾಗುತ್ತದೆ. ಆದರೆ ಡ್ಯಾಶ್ ಶುರುವಾದ ಮೊದಲ 0.1 ಸೆಕೆಂಡಿನಲ್ಲಿ ನೆಲ ಮುಟ್ಟಿಕೊಂಡೇ ಇದ್ದರೂ ವಾಪಸ್ ಕೊಡೋದಿಲ್ಲ. ಅದು ಕಳೆದ ಮೇಲೆ ಕೊಡುತ್ತದೆ.

ಈಗ ಕೂಡಿಸಿ ನೋಡಿ. ಡ್ಯಾಶ್ 0.15 ಸೆಕೆಂಡು ಇರುತ್ತದೆ. 0.1ಕ್ಕೆ ಮುಂಚೆ ಜಂಪ್ ಒತ್ತಿದರೆ ವೇಗ ಸಿಗುತ್ತದೆ, ಡ್ಯಾಶ್ ವಾಪಸ್ ಸಿಗೋದಿಲ್ಲ. 0.1 ದಾಟಿ, 0.15 ಮುಗಿಯೋ ಮುಂಚೆ ಒತ್ತಿದರೆ ವೇಗವೂ ಸಿಕ್ಕಿತು, ಡ್ಯಾಶೂ ಸಿಕ್ಕಿತು. ಮಧ್ಯೆ ಇರೋದು ಮೂರ್ನಾಲ್ಕು ಫ್ರೇಮಿನ ಕಿಂಡಿ. ತೆರಪು ತೆರಪು ಅಂತ ನಾನು ಬಡಕೊಳ್ಳೋದು ಈ ಕಿಂಡಿಗೇ. ಗಾಳಿಯಲ್ಲಿ ಹೋಗ್ತಾ ಕೂದಲು ಕೆಂಪಗಿದ್ದರೆ ಸರಿಯಾಗಿ ಒತ್ತಿದ್ದೀರಿ, ನೀಲಿ ಇದ್ದರೆ ಬೇಗ ಒತ್ತಿದ್ದೀರಿ. ಹಾರೇ ಇಲ್ಲ, ಅಥವಾ ಸಾದಾ ಜಂಪ್ ಬಂತು ಅಂದರೆ ತಡ ಆಯಿತು. ಆಟವೇ ನಿಮಗೆ ಮಾರ್ಕ್ಸ್ ಕೊಡುತ್ತಿದೆ, ನೀವು ನೋಡಬೇಕು ಅಷ್ಟೇ.

ಕೊನೆಯ ಅಧ್ಯಾಯಗಳಲ್ಲಿ ಎರಡು ಡ್ಯಾಶ್ ಸಿಗುವ ಕಡೆ ಕೂದಲು ಗುಲಾಬಿ ಆಗಿರುತ್ತದೆ. ಅಲ್ಲಿ ಈ ಲೆಕ್ಕ ಗೊಂದಲ ಮಾಡುತ್ತದೆ, ಅದಕ್ಕೇ ಮೊದಲ ಅಧ್ಯಾಯದಲ್ಲಿ ಕಲಿಯಿರಿ ಅಂದಿದ್ದು.

ಹಂತ 3: ಸೂಪರ್

ನೆಲದ ಮೇಲೆ ನಿಲ್ಲಿ. ಬಲಕ್ಕೆ ಡ್ಯಾಶ್, ಅದು ನಡೆಯುತ್ತಿರುವಾಗಲೇ ಜಂಪ್. ಓಡೋ ವೇಗ 90 ಇರೋದು ಈಗ 260 ಆಗುತ್ತದೆ. ಎತ್ತರ ಮಾಮೂಲಿ ಜಂಪಿನಷ್ಟೇ.

ಇದು ಹತ್ತು ನಿಮಿಷದಲ್ಲಿ ಬರುತ್ತದೆ. ಬಂದ ಮೇಲೆ ಒಂದು ಗಮನಿಸಿ: ಹಾರಿದ ಮೇಲೆ ಬಲ ಬಾಣವನ್ನು ಬಿಟ್ಟುಬಿಡುತ್ತಿದ್ದೀರಾ? ಬಿಡಬೇಡಿ. ಹೋಗೋ ದಿಕ್ಕನ್ನು ಹಿಡಿದುಕೊಂಡೇ ಇದ್ದರೆ ವೇಗ ನಿಧಾನಕ್ಕೆ ಇಳಿಯುತ್ತದೆ, ಬಿಟ್ಟರೆ ಅದಕ್ಕಿಂತ ಎರಡೂವರೆ ಪಟ್ಟು ಬೇಗ ಇಳಿಯುತ್ತದೆ. ಜಂಪನ್ನೂ ಒತ್ತಿ ಹಿಡಿಯಿರಿ, ಮುಟ್ಟಿ ಬಿಟ್ಟರೆ ಜಂಪ್ ಮೊಟಕಾಗುತ್ತದೆ. "ದೂರ ಹೋಗ್ತಾ ಇಲ್ಲ" ಅನ್ನುವವರಲ್ಲಿ ಅರ್ಧ ಜನರ ತೊಂದರೆ ಇಷ್ಟೇ.

ಇನ್ನೊಂದು ಅನುಕೂಲ. ಅಂಚಿನಿಂದ ಆಚೆ ಹೋದ ಮೇಲೂ 0.1 ಸೆಕೆಂಡು ಆಟ ನಿಮ್ಮನ್ನು ನೆಲದ ಮೇಲೇ ಇದ್ದೀರಿ ಅಂತ ಲೆಕ್ಕ ಹಾಕುತ್ತದೆ. ಇದಕ್ಕೆ ಕೊಯೋಟಿ ಟೈಮ್ ಅಂತಾರೆ, ಕಾರ್ಟೂನಿನಲ್ಲಿ ಬೆಟ್ಟದ ಅಂಚು ದಾಟಿ ಗಾಳಿಯಲ್ಲಿ ಓಡಿ, ಕೆಳಗೆ ನೋಡಿದ ಮೇಲೆ ಬೀಳುವ ಪ್ರಾಣಿಯ ಹೆಸರು. ಅದರಿಂದ ಅಂಚಿನ ತನಕ ಡ್ಯಾಶ್ ಮಾಡಿ, ಅಂಚು ದಾಟಿದ ಮೇಲೆ ಜಂಪ್ ಒತ್ತಿದರೂ ಸೂಪರ್ ಬರುತ್ತದೆ. ಹಳ್ಳ ದಾಟೋಕೆ ಒಂದೆರಡು ಹೆಜ್ಜೆ ಬಿಟ್ಟಿ ಸಿಕ್ಕ ಹಾಗೆ.

ಹಂತ 4: ಹೈಪರ್

ಈಗ ಅಡ್ಡ ಡ್ಯಾಶಿನ ಬದಲು ಬಲ ಮತ್ತು ಕೆಳ ಎರಡೂ ಬಾಣ ಹಿಡಿದು ಡ್ಯಾಶ್ ಮಾಡಿ. ಮ್ಯಾಡೆಲಿನ್ ಕುಕ್ಕರಗಾಲಿನಲ್ಲಿ ಜಾರಿದ ಹಾಗೆ ಕಾಣುತ್ತಾಳೆ. ಆಗ ಜಂಪ್. ವೇಗ 325. ಪರದೆಯ ಅಗಲ 320 ಅಂದೆನಲ್ಲ, ಅಂದರೆ ಹೊರಡುವಾಗ ಸೆಕೆಂಡಿಗೆ ಒಂದು ಪರದೆ ದಾಟುವ ವೇಗ. ಆದರೆ ಮೇಲಕ್ಕೆ ಏಳುವ ಜೋರು ಅರ್ಧ. ಉದ್ದಕ್ಕೆ, ತಗ್ಗಿನಲ್ಲಿ ಹೋಗುತ್ತಾಳೆ. ಮೇಲೆ ಮುಳ್ಳಿರುವ ಸಂದುಗಳಲ್ಲಿ ಇದೇ ದಾರಿ, ಎತ್ತರ ಬೇಕಾದ ಕಡೆ ಸೂಪರ್ರೇ ವಾಸಿ. ಹೊಸಬರು ಹೈಪರ್ ಕಲಿತ ಖುಷಿಗೆ ಎಲ್ಲ ಕಡೆ ಅದನ್ನೇ ಹಾಕಿ ಎದುರಿನ ಗೋಡೆಗೆ ಮೂಗು ಜಜ್ಜಿಕೊಳ್ಳುತ್ತಾರೆ.

ತಪ್ಪುಗಳು ಇಲ್ಲಿ ಜಾಸ್ತಿ, ಸ್ವಲ್ಪ ನಿಂತು ನೋಡೋಣ.

ಬಾಣ ಎರಡೂ ಮೊದಲು, ಡ್ಯಾಶ್ ಆಮೇಲೆ. ಕೆಳ ಬಾಣ ಕೂದಲೆಳೆಯಷ್ಟು ತಡವಾದರೂ ಅಡ್ಡ ಡ್ಯಾಶ್ ಆಗಿ ಸೂಪರ್ ಬರುತ್ತದೆ. ನಿಮಗೆ ಹೈಪರ್ ಬಂತು ಅನ್ನಿಸುತ್ತದೆ, ಬಂದಿರೋದಿಲ್ಲ. ಎತ್ತರ ನೋಡಿ: ಮಾಮೂಲಿ ಎತ್ತರಕ್ಕೆ ಹಾರಿದರೆ ಅದು ಸೂಪರ್.

ಬಲ ಬಾಣ ತಡವಾದರೆ ನೇರ ಕೆಳಕ್ಕೆ ಡ್ಯಾಶ್ ಆಗಿ ಅಲ್ಲೇ ಕೂರುತ್ತಾಳೆ. ಇದು ತಕ್ಷಣ ಗೊತ್ತಾಗುತ್ತದೆ.

ಡ್ಯಾಶ್ ಒತ್ತಿದಾಗ ಆಟ ಒಂದು ಕ್ಷಣ, ಮೂರು ಫ್ರೇಮ್, ಗಕ್ಕನೆ ನಿಲ್ಲುತ್ತದೆ. ಕಣ್ಣಿಗೆ ಕಾಣೋದಿಲ್ಲ, ಆದರೆ ಕೈ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಎರಡೂ ಬಟನ್ ಒಟ್ಟಿಗೆ ಒತ್ತುವವರಿಗೆ ಕೆಲವು ಸಲ ಬಂದು ಕೆಲವು ಸಲ ಬರದೆ ಇರೋದು ಈ ನಿಲುಗಡೆಯಿಂದಲೂ ಹೌದು. ಬಾಯಲ್ಲಿ ಹೇಳಿಕೊಳ್ಳಿ: "ತ-ಕ". 'ತ' ಅಂದಾಗ ಡ್ಯಾಶ್, 'ಕ' ಅಂದಾಗ ಜಂಪ್. ಡ್ಯಾಶ್ ವಾಪಸ್ ಬೇಕಾದ ಹೈಪರಿಗೆ "ತಾ-ಕ" ಅಂತ ಮೊದಲನೆಯದನ್ನು ಎಳೆಯಿರಿ. ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಹಿಂದಕ್ಕೂ ಹೈಪರ್ ಹಾಕಬಹುದು. ಎಡಕ್ಕೆ ಓರೆ ಡ್ಯಾಶ್ ಮಾಡಿ, ಜಂಪ್ ಒತ್ತುವ ಮೊದಲು ಬಲ ಬಾಣ ಒತ್ತಿದರೆ ಬಲಕ್ಕೆ ಹೋಗುತ್ತಾಳೆ. ಜಂಪ್ ಒತ್ತಿದ ಕ್ಷಣ ಅವಳ ಮುಖ ಯಾವ ಕಡೆ ಇದೆಯೋ ಆ ಕಡೆಗೇ ವೇಗ ಸಿಗೋದು. ಇದಕ್ಕೆ ರಿವರ್ಸ್ ಹೈಪರ್ ಅನ್ನುತ್ತಾರೆ. ಅಂಚಿನಲ್ಲಿ ಜಾಗ ಇಲ್ಲದಾಗ ಹಿಂದೆ ಸರಿದು ಮುಂದೆ ಹಾರಿದ ಹಾಗೆ.

ಹಂತ 5: ವೇವ್‌ಡ್ಯಾಶ್

ಎಲ್ಲರೂ ಕಾಯ್ತಾ ಇರೋದು ಇದಕ್ಕೆ. ಹೈಪರ್ ಬಂದಿದ್ದರೆ ಇದು ಮುಕ್ಕಾಲು ಬಂದ ಹಾಗೇ. ಕಾಲುವೆ ದಡದಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಓರೆಯಾಗಿ ಬೀಸಿದರೆ ಅದು ನೀರಿಗೆ ತಾಗಿ ಪುಟಿದು ಪುಟಿದು ಹೋಗುತ್ತದಲ್ವಾ? ಮ್ಯಾಡೆಲಿನ್ ಇಲ್ಲಿ ಆ ಕಲ್ಲು.

ಮಾಡೋದು ಹೀಗೆ. ಸಣ್ಣದಾಗಿ ಹಾರಿ. ಗಾಳಿಯಲ್ಲಿದ್ದಾಗಲೇ ಬಲ-ಕೆಳ ಓರೆಗೆ ಡ್ಯಾಶ್. ನೆಲಕ್ಕೆ ತಾಗಿ ಜಾರಲು ಶುರುವಾದಾಗ ಜಂಪ್. ಸಿಗುವ ವೇಗ ಅದೇ 325. ಹೈಪರಿಗಿಂತ ಹೆಚ್ಚೇನು ಅಂದರೆ, ಇಳಿಯೋದರಲ್ಲೇ ಆ 0.1 ಸೆಕೆಂಡು ಕಳೆದಿರುತ್ತದೆ. ಹಾಗಾಗಿ ನೆಲ ಮುಟ್ಟಿದ ಕೂಡಲೇ ಕೂದಲು ಕೆಂಪಾಗಿ, ಡ್ಯಾಶ್ ಕೈಯಲ್ಲಿಟ್ಟುಕೊಂಡೇ ಹಾರಬಹುದು.

ಎಷ್ಟು ಎತ್ತರದಿಂದ ಡ್ಯಾಶ್ ಮಾಡಬೇಕು ಅನ್ನೋದೇ ಇಲ್ಲಿನ ಗುಟ್ಟು. ಓರೆ ಡ್ಯಾಶಿನಲ್ಲಿ ಕೆಳಗಿಳಿಯುವ ವೇಗ ಸುಮಾರು 170. ಅಂದರೆ 0.1 ಸೆಕೆಂಡಿನಲ್ಲಿ 17 ಪಿಕ್ಸೆಲ್, 0.15ರಲ್ಲಿ 25. ಮ್ಯಾಡೆಲಿನ್ 11 ಪಿಕ್ಸೆಲ್ ಎತ್ತರ ಇದ್ದಾಳೆ. ಲೆಕ್ಕ ಹಾಕಿದರೆ ಅವಳ ಒಂದೂವರೆ ಆಳು ಎತ್ತರದಿಂದ ಡ್ಯಾಶ್ ಮಾಡಿದರೆ ತಕ್ಕ ಹೊತ್ತಿಗೆ ಇಳಿಯುತ್ತಾಳೆ. ಎರಡೂಕಾಲು ಆಳಿಗಿಂತ ಮೇಲಿಂದ ಮಾಡಿದರೆ ನೆಲ ಸಿಗೋ ಮೊದಲೇ ಡ್ಯಾಶ್ ಮುಗಿದುಹೋಗುತ್ತದೆ, ಆಮೇಲೆ ಜಂಪ್ ಒತ್ತಿದರೆ ಈ ಜೋರು ಸಿಗೋದಿಲ್ಲ. ತೀರಾ ತಗ್ಗಿಂದ ಮಾಡಿದರೆ ಬೇಗ ಇಳಿದುಬಿಡುತ್ತಾಳೆ, ಆಗ ಜಂಪ್ ಒತ್ತೋಕೆ ಚೂರು ಕಾಯಬೇಕು.

ಇಲ್ಲೊಂದು ಮೋಸ ಇದೆ. ಈ ಆಟ ಉದಾರಿ. ನೆಲ ಮುಟ್ಟೋಕೆ 0.08 ಸೆಕೆಂಡು ಮುಂಚೆ ಜಂಪ್ ಒತ್ತಿದರೂ ನೆನಪಿಟ್ಟುಕೊಂಡು, ಮುಟ್ಟಿದ ತಕ್ಷಣ ಹಾರಿಸುತ್ತದೆ. ಇದಕ್ಕೆ ಬಫರ್ ಅನ್ನುತ್ತಾರೆ. ಬೇರೆ ಕಡೆ ಇದು ಉಪಕಾರ, ಇಲ್ಲಿ ಸೋಮಾರಿ ಮಾಡುತ್ತದೆ. ನೀವು ಬೇಗ ಒತ್ತಿದ್ದೀರಿ, ವೇವ್‌ಡ್ಯಾಶ್ ಬಂತು, ಖುಷಿ ಆಯಿತು, ಆದರೆ ಕೂದಲು ನೀಲಿ. ಮುಂದಿನ ಹಳ್ಳಕ್ಕೆ ಡ್ಯಾಶ್ ಇಲ್ಲ, ಬಿದ್ದಿರಿ. "ವೇವ್‌ಡ್ಯಾಶ್ ಬರುತ್ತೆ ಅಣ್ಣ, ಆದ್ರೆ ರೂಮ್ ದಾಟಕ್ಕಾಗಲ್ಲ" ಅನ್ನುವವರ ಕಥೆ ಇದೇ. ನೆಲ ಮುಟ್ಟಿದ್ದನ್ನು ಕಣ್ಣಲ್ಲಿ ನೋಡಿ, ಆಮೇಲೆ ಒತ್ತಿ.

ಫೇರ್‌ವೆಲ್‌ನಲ್ಲಿ ಆಟವೇ ಸ್ಲೈಡ್ ಹಾಕಿ ಇದನ್ನು ಪಾಠ ಮಾಡುತ್ತದೆ, ಆಫೀಸ್ ಮೀಟಿಂಗ್ ಥರ. ತಮಾಷೆಯಾಗಿದೆ. ಆದರೆ ಅದನ್ನು ನೋಡಿ ಕಲಿತವರನ್ನು ನಾನು ಕಂಡಿಲ್ಲ, ಮೊದಲೇ ಕಲಿತು ಹೋಗಿ ಅದನ್ನು ನೋಡಿ ನಕ್ಕವರನ್ನು ಕಂಡಿದ್ದೇನೆ.

ಒಂದು ವೇವ್‌ಡ್ಯಾಶ್ ಸರಿಯಾಗಿ ಬಂದ ಮೇಲೆ ಎರಡನ್ನು ಸರಪಳಿ ಹಾಕಿ ನೋಡಿ. ಹಾರಿದಾಗ ಕೂದಲು ಕೆಂಪಗಿದ್ದರೆ, ತಕ್ಷಣ ಮತ್ತೆ ಓರೆ ಡ್ಯಾಶ್, ಮತ್ತೆ ಜಂಪ್. ಉದ್ದ ನೆಲದ ಮೇಲೆ ಮೂರು ಸಲ ಬಿಡದೆ ಬಂದರೆ ಲಯ ಕೂತಿದೆ ಅಂತ ತಿಳಿಯಿರಿ.

ಹಂತ 6: ವಾಲ್‌ಬೌನ್ಸ್

ಎತ್ತರದ ಗೋಡೆ ಪಕ್ಕ ನಿಲ್ಲಿ. ಹಾರಿ, ಮೇಲಿನ ಬಾಣ ಮಾತ್ರ ಹಿಡಿದು ಡ್ಯಾಶ್, ಮೇಲೆ ಹೋಗುತ್ತಿರುವಾಗ ಜಂಪ್. ಗೋಡೆಯನ್ನು ಒದ್ದು ಓರೆಯಾಗಿ ಮೇಲಕ್ಕೆ ಚಿಮ್ಮುತ್ತಾಳೆ.

ಎರಡು ತಪ್ಪು ಮಾತ್ರ ಇಲ್ಲಿ. ಒಂದು, ಗೋಡೆ ಕಡೆಯ ಬಾಣವನ್ನು ಬಿಡದೆ ಇರೋದು. ಆಗ ಡ್ಯಾಶ್ ಓರೆಯಾಗುತ್ತದೆ, ಬೌನ್ಸ್ ಬರೋದಿಲ್ಲ. ಎರಡು, ಹೆದರಿಕೆಗೆ ಹಿಡಿತದ ಬಟನ್ ಒತ್ತಿಕೊಂಡೇ ಇರೋದು. ಬಿಡಿ ಅದನ್ನು. ಗೋಡೆಗೆ ಅಂಟಿಕೊಂಡೇ ಇರಬೇಕು ಅಂತಿಲ್ಲ, 5 ಪಿಕ್ಸೆಲ್ ಒಳಗೆ ಇದ್ದರೆ ಸಾಕು. ಸಮಯವೂ ಧಾರಾಳ, ಡ್ಯಾಶ್ ಮುಗಿದ ಮೇಲೂ ಚೂರು ಹೊತ್ತು ನಡೆಯುತ್ತದೆ. ತಡ ಮಾಡಿದಷ್ಟೂ ಎತ್ತರ ಜಾಸ್ತಿ ಸಿಗುತ್ತದೆ, ಯಾಕಂದರೆ ಡ್ಯಾಶ್ ಮೊದಲು ನಿಮ್ಮನ್ನು ಮೇಲೆ ಒಯ್ದಿರುತ್ತದೆ. ಹೈಪರಿಗಿಂತ ಇದು ಸುಲಭ ಅಂತ ನನ್ನ ಅನಿಸಿಕೆ, ಹೆಸರು ಕೇಳಿ ಹೆದರಬೇಡಿ.

ಹಂತ 7: ನ್ಯೂಟ್ರಲ್ ಜಂಪ್, ಉಸಿರು ಉಳಿಸೋಕೆ

ಇದಕ್ಕೆ ಡ್ಯಾಶ್ ಬೇಡ. ಗೋಡೆ ಹಿಡಿದು ಹತ್ತುವಾಗ ಸ್ಟ್ಯಾಮಿನಾ, ಅಂದರೆ ಕಸುವು, ಖರ್ಚಾಗುತ್ತದೆ. ಒಟ್ಟು 110 ಇರುತ್ತದೆ. ಸುಮ್ನೆ ನೇತಾಡಿದರೆ 11 ಸೆಕೆಂಡು, ಬಿಡದೆ ಹತ್ತಿದರೆ ಎರಡೂವರೆ ಸೆಕೆಂಡು ಕೂಡ ಬರೋದಿಲ್ಲ. ಹಿಡಿದುಕೊಂಡೇ ಮೇಲಕ್ಕೆ ಹಾರಿದರೆ ನಾಲ್ಕು ಸಲಕ್ಕೆ ಖಲಾಸ್. ಮೈ ಕೆಂಪಗೆ ಮಿನುಗಿತು ಅಂದರೆ ಬೀಳೋ ಹೊತ್ತಾಯಿತು ಅಂತ. ಅಂಜನಾದ್ರಿಯ 575 ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತೋಕೆ ಹೊರಟವರ ಮುಖ ಅರ್ಧ ದಾರಿಯಲ್ಲಿ ಹೇಗಿರುತ್ತದೋ ಹಾಗೆ.

ನ್ಯೂಟ್ರಲ್ ಜಂಪಿಗೆ ಕಸುವು ಬೇಡವೇ ಬೇಡ. ಗೋಡೆ ಪಕ್ಕ ಇದ್ದಾಗ ಯಾವ ಬಾಣವನ್ನೂ ಒತ್ತದೆ ಜಂಪ್ ಒತ್ತಿ. ಸ್ವಲ್ಪ ಆಚೆ ಸರಿದು ಮೇಲೆ ಹೋಗುತ್ತಾಳೆ. ಕೂಡಲೇ ಗೋಡೆ ಕಡೆಗೆ ಬಾಣ ಒತ್ತಿ ವಾಪಸ್ ಬನ್ನಿ. ಹೊರಟ ಜಾಗಕ್ಕಿಂತ ಸ್ವಲ್ಪ ಮೇಲಿರುತ್ತೀರಿ. ಬಾಣ ಬಿಡಿ, ಜಂಪ್, ಬಾಣ. ಬಿಡಿ, ಜಂಪ್, ಬಾಣ. ಹೀಗೇ ಎಷ್ಟು ಎತ್ತರ ಬೇಕಾದರೂ.

ಜಂಪ್ ಒತ್ತುವ ಗಳಿಗೆಯಲ್ಲಿ ಬಾಣ ಒತ್ತಿದ್ದರೆ ಆಟ 0.16 ಸೆಕೆಂಡು ನಿಮ್ಮನ್ನು ಬಲವಂತವಾಗಿ ಗೋಡೆಯಿಂದ ದೂರ ತಳ್ಳುತ್ತದೆ, ಆಗ ವಾಪಸ್ ಬರೋಷ್ಟರಲ್ಲಿ ಕೆಳಗೆ ಬಂದಿರುತ್ತೀರಿ. ಇದರ ಕಷ್ಟ ಎಲ್ಲ ಇರೋದು ಆ ಬಾಣ ಬಿಡೋದರಲ್ಲೇ. ಒತ್ತೋದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ಬಿಡೋದನ್ನು ಯಾರೂ ಮಾಡೋದಿಲ್ಲ.

ಹಂತ 8: ಓಡುವ ಕಲ್ಲಿನ ಮೇಲಿಂದ

ಮೊದಲ ಅಧ್ಯಾಯದಲ್ಲಿ ಟ್ರಾಫಿಕ್ ಲೈಟ್ ಇರುವ ಕಲ್ಲುಗಳಿವೆ, ಕಾಲಿಟ್ಟ ಕೂಡಲೇ ಸರ್ರನೆ ಓಡುತ್ತವೆ. ಅವು ಓಡುತ್ತಿರುವಾಗ, ಅಥವಾ ನಿಂತ ಮರುಕ್ಷಣವೇ ಹಾರಿದರೆ ಅವುಗಳ ವೇಗ ನಿಮಗೆ ಸೇರುತ್ತದೆ. ಓಡೋ ಬಸ್ಸಿಂದ ಇಳಿದವರು ಎರಡು ಹೆಜ್ಜೆ ಮುಂದಕ್ಕೆ ಓಡಲೇಬೇಕಲ್ಲ, ಅದೇ. ಕಲ್ಲು ತುದಿ ಮುಟ್ಟಿ 'ಟಕ್' ಅಂದ ಸದ್ದು ಕೇಳಿದಾಗ ಒತ್ತಿ. ಪೂರ್ತಿ ನಿಂತ ಮೇಲೆ ಯೋಚನೆ ಮಾಡಿ ಒತ್ತಿದರೆ ಏನೂ ಸಿಗೋದಿಲ್ಲ.

ಇನ್ನೂ ಇವೆ. ಕಲ್ಲಿನ ಮೂಲೆಗೆ ಡ್ಯಾಶ್ ಮಾಡಿ, ಹಿಡಿತ ಒತ್ತಿಕೊಂಡು ಜಂಪ್ ಮಾಡಿ ವೇಗ ಉಳಿಸಿಕೊಳ್ಳುವ ಕಾರ್ನರ್‌ಬೂಸ್ಟ್, ಓರೆ ಡ್ಯಾಶಿನಿಂದ ನೆಲ ತಾಗಿದಾಗ ಸಿಗುವ 1.2 ಪಟ್ಟು ವೇಗವನ್ನು ಪೇರಿಸುವ ಅಲ್ಟ್ರಾ. ಆಟ ಮುಗಿಸೋಕೆ ಇವು ಬೇಕಾಗೋದಿಲ್ಲ. ಗಡಿಯಾರ ಇಟ್ಟುಕೊಂಡು ಆಡುವವರ ಸಾಮಾನು ಇವು, ಮೇಲಿನ ಏಳೆಂಟು ಕೈಗೆ ಬಂದ ಮೇಲೆ ನೋಡಿಕೊಳ್ಳಿ.

ಪದೇ ಪದೇ ಕೇಳುವ ಎರಡು ಪ್ರಶ್ನೆ

ಮೊಬೈಲಿನಲ್ಲಿ ಸಿಗುತ್ತಾ? ಈ ಆಟ ಬಂದಿರೋದು ವಿಂಡೋಸ್, ಮ್ಯಾಕ್, ಲಿನಕ್ಸ್, ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ. ಫೋನಿಗೆ ಅಂತ ಯಾರಾದರೂ ಫೈಲ್ ಕಳಿಸಿದರೆ ಹಾಕಿಕೊಳ್ಳಬೇಡಿ, ಅದರೊಳಗೆ ಏನಿದೆಯೋ ಯಾರು ಬಲ್ಲರು. ದುಡ್ಡು ಹಾಕೋ ಮುಂಚೆ ರುಚಿ ನೋಡಬೇಕು ಅಂದರೆ, ಇದೇ ಜನ ಇದಕ್ಕೂ ಮುಂಚೆ ಪೀಕೋ-8 ಅನ್ನೋ, ಕಂಪ್ಯೂಟರಿನೊಳಗೇ ಓಡುವ ಪುಟ್ಟ ಕಾಲ್ಪನಿಕ ಗೇಮ್ ಯಂತ್ರಕ್ಕೆ ಮಾಡಿದ ಪುಟ್ಟ ಸೆಲೆಸ್ಟ್ ಬ್ರೌಸರಿನಲ್ಲೇ ಉಚಿತವಾಗಿ ಆಡೋಕೆ ಸಿಗುತ್ತದೆ. ಅದರಲ್ಲಿ ಈ ವಿದ್ಯೆಗಳಿಲ್ಲ, ಆದರೆ ಡ್ಯಾಶಿನ ರುಚಿ ಇದೆ.

ದಿನಕ್ಕೆ ಎಷ್ಟು ಹೊತ್ತು? ಹದಿನೈದು ಇಪ್ಪತ್ತು ನಿಮಿಷ ಸಾಕು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಅಂಗೈ ಬೆವೆತು ಬೆರಳು ಜಾರುತ್ತಿರುತ್ತದೆ, ಆಗ ಕಲಿತದ್ದು ನಿಲ್ಲೋದಿಲ್ಲ. ಬೆಳಗ್ಗೆಯೋ ರಾತ್ರಿಯೋ ಕೂರಿ. ಮಣಿಕಟ್ಟು ಸೆಳೆಯೋಕೆ ಶುರುವಾದರೆ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಸಲ ಅನ್ನಬೇಡಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಹತ್ತು ಸೆಕೆಂಡಿನ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ನೋಡಿ. ಕೂದಲ ಬಣ್ಣ, ಎತ್ತರ, ಈ ಎರಡರಲ್ಲೇ ತಪ್ಪು ಸಿಗುತ್ತದೆ. ನನಗೆ ಕಳಿಸೋದಾದರೂ ಕಳಿಸಿ, ಆದರೆ ಸ್ಕ್ರೀನ್ ಜೊತೆ ಬೆರಳೂ ಕಾಣೋ ಹಾಗೆ ಪಕ್ಕದಲ್ಲಿ ಯಾರಿಗಾದರೂ ಫೋನ್ ಕೊಟ್ಟು ತೆಗೆಸಿ. ಬರೀ ಸ್ಕ್ರೀನ್ ಇದ್ದರೆ ಯಾವ ಕೀ ಮೊದಲು ಬಿದ್ದಿತು ಅಂತ ನನಗೆ ಕಾಣೋದಿಲ್ಲ.